ಬೆಲ್ಟಿನ ಬಣ್ಣ, ಗರಡಿಯ ಮಣ್ಣು

ಬಕಾಸುರ ಬೆನ್ನಿಗೆ ಗುದ್ದುತ್ತಿದ್ದರೂ ಭೀಮ ಊಟ ಬಿಟ್ಟು ಏಳಲಿಲ್ಲ. ಬಂಡಿಯಲ್ಲಿ ತಂದಿದ್ದ ಅನ್ನವನ್ನೆಲ್ಲ ಮುಗಿಸಿ, ಕೈ ತೊಳೆದು, ಆಮೇಲೆ ಎದ್ದ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಇದು ನಡೆದ ಏಕಚಕ್ರಪುರ ಎಂಬುದು ಈ ಸೀಮೆಯ ನಂಬಿಕೆ. ಬೆಟ್ಟದ ಕಡೆ ಕೈ ತೋರಿಸಿ ಅಜ್ಜಿಯರು ಈ ಕಥೆ ಹೇಳುತ್ತಾರೆ. ಕೇಳುವ ಮಕ್ಕಳ ಕಿವಿಯೆಲ್ಲ ಕೊನೆಯ ಕಾಳಗದ ಮೇಲಿರುತ್ತದೆ. ನನಗೆ ಮಾತ್ರ ಆ ಊಟವೇ ಮುಖ್ಯ ಅನ್ನಿಸುತ್ತದೆ. ಹೊಡೆತ ಬೀಳುತ್ತಿದೆ, ತಿರುಗಿಸಿ ಕೊಡುವ ಶಕ್ತಿಯೂ ಇದೆ. ಆದರೂ ಯಾವಾಗ ಏಳಬೇಕೆಂದು ತೀರ್ಮಾನಿಸುವವನು ಭೀಮನೇ ಹೊರತು ಗುದ್ದುವವನಲ್ಲ. ಕಾದಾಟದ ವಿದ್ಯೆ ಕಲಿಸುವವರಿಗೆ ಅತಿ ಕಷ್ಟದ ಪಾಠ ಇದು. ಒದೆಯುವುದನ್ನು ಮೂರು ತಿಂಗಳಲ್ಲಿ ಕಲಿಸಿಬಿಡಬಹುದು.

ಚಿಕ್ಕಬಳ್ಳಾಪುರದಲ್ಲಿ ಸರ್ ಎಂ.ವಿ. ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ ಇವೆ. ಆದರೆ ಸಣ್ಣ ಊರುಗಳಲ್ಲಿ ಕರಾಟೆ, ಟೇಕ್ವಾಂಡೊ ತರಗತಿಗಳು ಹೆಚ್ಚಾಗಿ ನಡೆಯುವುದು ಶಾಲೆಯ ಅಂಗಳದಲ್ಲಿ, ಕಲ್ಯಾಣ ಮಂಟಪದ ಹಾಲಿನಲ್ಲಿ, ಇಲ್ಲವೇ ಯಾರದೋ ತಾರಸಿಯ ಮೇಲೆ. ಬಿಳಿ ಡ್ರೆಸ್ ಹಾಕಿದ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿರುತ್ತಾರೆ. ತಂದೆತಾಯಿ ಗೇಟಿನ ಹೊರಗೆ ಸ್ಕೂಟರ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಸೇರಿಸುವ ಮುಂಚೆ ಅವರು ಕೇಳುವ ಪ್ರಶ್ನೆ ಒಂದೇ: ಕರಾಟೆ ಒಳ್ಳೆಯದೋ, ಟೇಕ್ವಾಂಡೊ ಒಳ್ಳೆಯದೋ?

ಯಾವುದಾದರೂ ಆಗುತ್ತದೆ, ಮೊದಲು ಮಾಸ್ಟರ್ ಎಂಥವರು ಎಂದು ನೋಡಿ ಎಂಬುದು ನನ್ನ ಉತ್ತರ. ಆ ತರಗತಿಯಲ್ಲಿ ಮಗು ‘ಯಾಕೆ ಸಾರ್’ ಎಂದು ಕೇಳಬಹುದೇ, ‘ಬೇಡ ಸಾರ್, ನೋಯ್ತಿದೆ’ ಎಂದು ಹೇಳಬಹುದೇ ಎಂಬುದನ್ನು ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಪ್ರಶ್ನೆ ಕೇಳಲು ಹೆದರುವ ಮಗುವಿಗೆ ಆತ್ಮರಕ್ಷಣೆ ಕಲಿಸುತ್ತೇವೆ ಎನ್ನುವುದು ತಮಾಷೆಯ ಮಾತು.

ನಮ್ಮಲ್ಲಿ ಈ ವಿದ್ಯೆ ಕಲಿಸುತ್ತಿದ್ದ ಜಾಗ ಗರಡಿ ಮನೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿ ಬಂದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕು, ಯಾವ ಸಾಧನೆ ಮಾಡಿಸಬೇಕು, ಊಟಕ್ಕೆ ಏನೇನು ಕೊಡಬೇಕು ಎಂದೆಲ್ಲ ಅಲ್ಲಿ ಬರೆದಿದೆ. ಒಂಬೈನೂರು ವರ್ಷದ ಹಿಂದೆಯೇ ಎಲ್ಲರಿಗೂ ಒಂದೇ ಪಾಠ ಆಗದು ಎಂದು ತಿಳಿದಿತ್ತು. 17ನೇ ಶತಮಾನದ ಮೈಸೂರು ದೊರೆ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣಿಸಿದ ಕಥೆ ಹಳೆ ಮೈಸೂರಿನವರಿಗೆಲ್ಲ ಬಾಯಿಪಾಠ. ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಂಬೂ ಸವಾರಿಗೆ ಮೊದಲು ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಒಬ್ಬರ ತಲೆಯಿಂದ ಮೊದಲ ರಕ್ತದ ಹನಿ ಕಂಡೊಡನೆ ಅದು ಮುಗಿಯಿತು. ನೋಡಲು ಸೇರಿದವರಿಗೆ ಅರೆ ನಿಮಿಷದ ಆಟ, ಆಡುವವರಿಗೆ ವಾರಗಟ್ಟಲೆ ವ್ರತ ಮತ್ತು ತಾಲೀಮು.

ಗರಡಿಯಲ್ಲಿ ಪಾಠ ಶುರುವಾಗುತ್ತಿದ್ದದ್ದು ಪಟ್ಟಿನಿಂದ ಅಲ್ಲ, ಮಣ್ಣಿನಿಂದ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿ ಅದು. ಹೊಸದಾಗಿ ಬಂದ ಹುಡುಗ ಮೊದಲು ಅದನ್ನು ಅಗೆದು, ಹೆಂಟೆ ಒಡೆದು, ಮಟ್ಟ ಮಾಡಬೇಕು. ಆಮೇಲೆ ದಂಡ, ಬಸ್ಕಿ, ಗದೆ. ಪಟ್ಟು ಹೇಳಿಕೊಡುವ ಹೊತ್ತಿಗೆ ಅವನ ಸೊಂಟ, ಕತ್ತು, ತೋಳು ಕೆಲಸಕ್ಕೆ ಬಂದಿರುತ್ತಿದ್ದವು. ಬಿದ್ದರೆ ಕೆಳಗೆ ಮೆತ್ತನೆ ನೆಲ. ಎದುರಿಗೆ ನಿಂತವನು ಸುಮ್ಮನೆ ಬಿದ್ದುಕೊಡುವವನಲ್ಲ, ನಿಜವಾಗಿ ತಡೆಯುವವನು. ಕುಸ್ತಿಯ ಪಟ್ಟು ಬಂದಿದೆಯೋ ಇಲ್ಲವೋ ಎಂಬುದಕ್ಕೆ ಸರ್ಟಿಫಿಕೇಟ್ ಬೇಕಿಲ್ಲ. ಅದು ಅಲ್ಲೇ, ಆ ಕ್ಷಣವೇ ಗೊತ್ತಾಗುತ್ತದೆ.

ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕಾರ್ಯಕ್ರಮವೊಂದು ನಡೆಯುತ್ತದೆ. ಪೈಲ್ವಾನರು ಎದುರು ಬದುರು ನಿಲ್ಲುತ್ತಾರೆ. ಹಿರಿಯ ಉಸ್ತಾದರು ತೂಕ, ವಯಸ್ಸು, ಅನುಭವ ಎಲ್ಲ ಅಳೆದು ಯಾರಿಗೆ ಯಾರು ಎಂದು ಗೊತ್ತು ಮಾಡುತ್ತಾರೆ. ಸಮ ಜೋಡಿ ಆಗದಿದ್ದರೆ ಕಣಕ್ಕೆ ಇಳಿಸುವುದಿಲ್ಲ. ಇದನ್ನು ಪ್ರತಿ ಕರಾಟೆ ತರಗತಿಯೂ ಕದ್ದು ತರಬೇಕು. ಒಳ್ಳೆಯ ಮಾಸ್ಟರ್ ಯಾರೆಂದು ಗುರುತಿಸಲು ಅವರ ಒದೆ ಎಷ್ಟು ಎತ್ತರ ಹೋಗುತ್ತದೆ ಎಂದು ನೋಡಬೇಡಿ. ಜೊತೆ ಅಭ್ಯಾಸಕ್ಕೆ ಮಕ್ಕಳನ್ನು ಹೇಗೆ ಸೇರಿಸುತ್ತಾರೆ ಎಂದು ನೋಡಿ. ಐದನೇ ಕ್ಲಾಸಿನ ಸಣಕಲು ಹುಡುಗನ ಎದುರಿಗೆ ಎಂಟನೇ ಕ್ಲಾಸಿನ ದಾಂಡಿಗನನ್ನು ನಿಲ್ಲಿಸಿ ‘ಧೈರ್ಯ ಬರಲಿ’ ಎನ್ನುವವರ ಹತ್ತಿರ ಧೈರ್ಯ ಬರುವುದಿಲ್ಲ, ಸೋಮವಾರ ಹೊಟ್ಟೆನೋವು ಬರುತ್ತದೆ.

ಹಾಗೆಂದು ಗರಡಿಯನ್ನು ಹೊಗಳುತ್ತಾ ಕೂರುವ ಆಸೆ ನನಗಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಉಸ್ತಾದರ ಮಾತೇ ಕೊನೆ. ತನ್ನವನಿಗೆ ಒಂದು ಪಟ್ಟು ಹೆಚ್ಚು, ಬೇರೆಯವನಿಗೆ ಒಂದು ಕಡಿಮೆ ಎಂಬ ಗುಟ್ಟಿನ ಲೆಕ್ಕವೂ ಇತ್ತು. ಆ ಮಣ್ಣನ್ನು ಇಟ್ಟುಕೊಂಡು ಆ ಬಾಗಿಲನ್ನು ಅಗಲ ಮಾಡಬೇಕು.

ಗುಟ್ಟಿನ ವಿದ್ಯೆಯನ್ನು ಶಾಲೆಗೆ ತಂದ ಕಥೆ ನೋಡಬೇಕಾದರೆ ಜಪಾನಿಗೆ ಹೋಗಬೇಕು. ಇವತ್ತು ನಮ್ಮ ಮಕ್ಕಳು ಸಾಲಾಗಿ ನಿಂತು ‘ಇಚಿ, ನಿ, ಸಾನ್’ ಎಂದು ಎಣಿಸುತ್ತಾ ಗುದ್ದುವ ಪದ್ಧತಿ ಪುರಾತನವಾದದ್ದೇನಲ್ಲ. ಓಕಿನಾವಾ ದ್ವೀಪದಲ್ಲಿ ಕೆಲವೇ ಶಿಷ್ಯರಿಗೆ ಮರೆಯಲ್ಲಿ ಹೇಳಿಕೊಡುತ್ತಿದ್ದ ಕರಾಟೆಯನ್ನು ಅಂಕೋ ಇತೊಸು 1901ರಲ್ಲಿ ಪ್ರಾಥಮಿಕ ಶಾಲೆಯ ವ್ಯಾಯಾಮದ ಪಾಠಕ್ಕೆ ತಂದರು. ಮಕ್ಕಳಿಗೆಂದೇ ಪಿನಾನ್ ಹೆಸರಿನ ಐದು ಕಟಾ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ, ಕಟ್ಟಿದರು. ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ಒಟ್ಟಿಗೆ ನಿಭಾಯಿಸಬೇಕಾದರೆ ಸಾಲು, ಎಣಿಕೆ, ಒಂದೇ ಚಲನೆ ಇಲ್ಲದೆ ಆಗದು. 1922ರಲ್ಲಿ ಅದನ್ನು ಟೋಕಿಯೋಗೆ ಕೊಂಡೊಯ್ದ ಗಿಚಿನ್ ಫುನಾಕೋಶಿ ಅವರೂ ಶಾಲಾ ಶಿಕ್ಷಕರೇ. ಸಾಲಿನಲ್ಲಿ ಗುದ್ದುವುದು ಡ್ರಿಲ್ ಪೀರಿಯಡ್ಡಿನ ಬಳುವಳಿ. ಶಿಸ್ತಿಗೆ, ಮೈ ಬಿಸಿಗೆ, ಸಮತೋಲಕ್ಕೆ ಅದು ಚೆನ್ನ. ಅಷ್ಟನ್ನೇ ಮಾಡಿಸಿ ‘ಇವಳು ಇನ್ನು ಯಾರಿಗೂ ಹೆದರಬೇಕಿಲ್ಲ’ ಎಂದರೆ ನಂಬಬೇಡಿ.

ಇನ್ನೊಬ್ಬರು ಜಿಗೊರೋ ಕಾನೊ. 1882ರಲ್ಲಿ, 21ನೇ ವಯಸ್ಸಿನಲ್ಲಿ, ಟೋಕಿಯೋದ ಒಂದು ಬೌದ್ಧ ದೇವಾಲಯದ ಕೋಣೆಯಲ್ಲಿ ಜೂಡೊ ಶಾಲೆ ತೆರೆದರು. ಮುಂದೆ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾದ ಮನುಷ್ಯ, ಹಾಗಾಗಿ ಯೋಚನೆಯೆಲ್ಲ ಮೇಷ್ಟ್ರದ್ದೇ. ಹಳೆಯ ಜುಜುತ್ಸುವಿನಲ್ಲಿದ್ದ ಕಣ್ಣಿಗೆ ತಿವಿಯುವ, ಕೀಲು ಮುರಿಯುವ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಮೇಲುನೋಟಕ್ಕೆ ವಿದ್ಯೆಯ ಹಲ್ಲು ಕಿತ್ತಂತೆ. ಆದರೆ ಅಪಾಯದ್ದನ್ನು ತೆಗೆದಿದ್ದರಿಂದ ಉಳಿದದ್ದನ್ನು ದಿನವೂ ಪೂರ್ತಿ ಬಲ ಹಾಕಿ, ತಡೆಯುವ ಎದುರಾಳಿಯ ಮೇಲೆ ಅಭ್ಯಾಸ ಮಾಡುವುದು ಸಾಧ್ಯವಾಯಿತು. ‘ನಮ್ಮ ಪಟ್ಟು ಭಯಂಕರ, ಅಭ್ಯಾಸ ಮಾಡಿ ತೋರಿಸಿದರೆ ಸತ್ತೇ ಹೋಗುತ್ತಾರೆ’ ಎನ್ನುವವರು ಆ ಪಟ್ಟನ್ನು ಒಂದು ಸಲವೂ ನಿಜವಾಗಿ ಹಾಕಿರುವುದಿಲ್ಲ. ಗರಡಿಯ ಕುಸ್ತಿಯೂ ಕಾನೊ ಅವರ ಜೂಡೊವೂ ಇಲ್ಲಿ ಒಂದೇ ಕುಲದವು. ಆದ್ದರಿಂದ ತರಗತಿ ನೋಡಲು ಹೋದಾಗ ಗಡಿಯಾರ ನೋಡಿಕೊಳ್ಳಿ. ಒಂದು ಗಂಟೆಯಲ್ಲಿ ಮಗು ಎಷ್ಟು ನಿಮಿಷ ಗಾಳಿಯ ಜೊತೆ, ಎಷ್ಟು ನಿಮಿಷ ಇನ್ನೊಂದು ಮಗುವಿನ ಜೊತೆ ಕಳೆಯಿತು? ಜೊತೆಯ ಮಗು ತಾನಾಗಿ ಬೀಳುತ್ತಿತ್ತೋ, ತಡೆಯುತ್ತಿತ್ತೋ?

ಬೆಲ್ಟಿನ ವಿಷಯಕ್ಕೆ ಬರೋಣ. ದರ್ಜೆಯ ಪದ್ಧತಿಯನ್ನು ಈ ವಿದ್ಯೆಗೆ ಅಂಟಿಸಿದವರೂ ಕಾನೊ ಅವರೇ, 1883ರಲ್ಲಿ. ಕರಾಟೆಯಲ್ಲಿ ಫುನಾಕೋಶಿ ಮೊದಲ ಬ್ಲ್ಯಾಕ್ ಬೆಲ್ಟ್ ದರ್ಜೆ ಕೊಟ್ಟದ್ದು 1924ರಲ್ಲಿ. ಹಳದಿ, ಕಿತ್ತಳೆ, ಹಸಿರು, ನೀಲಿ ಎಂಬ ಬಣ್ಣಗಳ ಸಾಲು ಇನ್ನೂ ಈಚಿನದು, ಯುರೋಪಿನ ಜೂಡೊ ಶಾಲೆಗಳಲ್ಲಿ ಬೆಳೆದದ್ದು. ಮಕ್ಕಳಿಗೆ ಮುಂದಿನ ಮೆಟ್ಟಿಲು ಕಾಣಿಸಿದರೆ ಉತ್ಸಾಹ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಮೂರು ಮೂರು ತಿಂಗಳಿಗೆ ತಪ್ಪದೆ ಬರುವ ಗ್ರೇಡಿಂಗ್ ಫೀಸಿನಲ್ಲಿ. ಆತುರಪಟ್ಟರೆ ಏನಾಗುತ್ತದೆ ಎಂದು ರೇಷ್ಮೆಯ ಊರಾದ ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿಯೇ ಹಣ್ಣಾಗಬೇಕು, ಆಮೇಲೆಯೇ ಗೂಡು ಕಟ್ಟಲು ಚಂದ್ರಿಕೆ. ಜ್ವರದಲ್ಲಿ ಮಲಗಿದ ಹುಳುವಿಗೆ ಸೊಪ್ಪು ಸುರಿದರೆ ಗೂಡು ಬೇಗ ಬರುವುದಿಲ್ಲ, ಬೆಳೆ ಕೆಡುತ್ತದೆ. ಎರಡು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡ ಹತ್ತು ವರ್ಷದ ಮಗು ಮಾರುಕಟ್ಟೆಗೆ ಬಂದ ಇಂಥದೇ ಟೊಳ್ಳು ಗೂಡು.

ಸೇರಿಸುವ ದಿನವೇ ವರ್ಷದ ಒಟ್ಟು ಖರ್ಚನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ತಿಂಗಳ ಫೀಸು, ಡ್ರೆಸ್ಸು, ಬೆಲ್ಟ್ ಟೆಸ್ಟ್, ಸರ್ಟಿಫಿಕೇಟ್, ಟೂರ್ನಮೆಂಟ್ ಎಂಟ್ರಿ, ಬಸ್ ಖರ್ಚು. ಬರೆದುಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರ. ಕ್ರೀಡಾ ಕೋಟಾದ ಆಸೆಯಿಂದ ಸೇರಿಸುವವರು ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಬ್ಯಾನರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದು ಬರೆಸಲು ಯಾರ ಅನುಮತಿಯೂ ಬೇಕಿಲ್ಲ. ಒಲಿಂಪಿಕ್ಸ್ ಕನಸು ಕಾಣುವವರಿಗೆ ಒಂದು ಲೆಕ್ಕ: ಜೂಡೊ 1964ರಲ್ಲಿ ಸೇರಿತು, ಟೇಕ್ವಾಂಡೊಗೆ 2000ದಿಂದ ಪದಕವಿದೆ, ಕುಸ್ತಿ ಮೊದಲಿನಿಂದಲೂ ಇದೆ. ಕರಾಟೆ ಇದ್ದದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮಾತ್ರ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ಹಂಚು ಒಡೆಯುವ ಪ್ರದರ್ಶನವನ್ನು ನೋಡದವರಿಲ್ಲ. ಹಂಚಿನ ಮೇಲೆ ಬೆಂಕಿ, ಹೊಟ್ಟೆಯ ಮೇಲೆ ಬೈಕು, ತಲೆಗೆ ಟ್ಯೂಬ್‌ಲೈಟು. ಬ್ರೂಸ್ ಲೀ ಅವರ ‘ಎಂಟರ್ ದ ಡ್ರ್ಯಾಗನ್’ 1973ರಲ್ಲಿ ಬಂದ ಮೇಲೆ ಊರೂರಿನ ಹುಡುಗರಿಗೆ ಹಿಡಿದ ಗೀಳಿಗೆ ನಮ್ಮಲ್ಲಿ ಶಂಕರ್‌ನಾಗ್ ಇನ್ನಷ್ಟು ತುಪ್ಪ ಸುರಿದರು. ಅಭಿಮಾನಿಗಳಿಗೆ ಅವರು ಕರಾಟೆ ಕಿಂಗ್. ಆಟೋ ಹಿಂದಿನ ಅವರ ಚಿತ್ರ ನೋಡಿದರೆ ನನಗೂ ಖುಷಿಯೇ. ಆದರೆ ಸಿನಿಮಾದ ಹೊಡೆದಾಟ ಕ್ಯಾಮೆರಾಗಾಗಿ, ಹಂಚಿನ ಹೊಡೆತ ಚಪ್ಪಾಳೆಗಾಗಿ. ಎರಡು ತುದಿಗೆ ಆಸರೆ ಕೊಟ್ಟು ಇಟ್ಟ ಹಂಚಿನ ನಡುವೆ ಪೆಟ್ಟು ಬಿದ್ದರೆ ಅದು ಬಾಗುತ್ತದೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಸುಟ್ಟ ಮಣ್ಣು ಒತ್ತಡವನ್ನು ತಾಳಿಕೊಳ್ಳುತ್ತದೆ, ಹಿಗ್ಗುವುದನ್ನು ತಾಳುವುದಿಲ್ಲ. ಬಿರುಕು ತಳದಿಂದಲೇ ಏಳುತ್ತದೆ. ಹಂಚುಗಳ ನಡುವೆ ಸಂದು ಬಿಟ್ಟು ಜೋಡಿಸಿದ್ದರೆ ಮೇಲಿನದು ಒಡೆದು ಕೆಳಗಿನದರ ಮೇಲೆ ಬೀಳುತ್ತಾ ಕೆಲಸ ಹಗುರವಾಗುತ್ತದೆ. ಕೈಚಳಕ ಇಲ್ಲವೆಂದಲ್ಲ. ಆದರೆ ಬೆಳೆಯುವ ಮಗುವಿನ ಬೆರಳ ಮೂಳೆ ಪಣಕ್ಕಿಡುವಷ್ಟು ದೊಡ್ಡ ವಿದ್ಯೆ ಅದಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಇದ್ದಿದ್ದರೆ ಇಂಥ ಪ್ರದರ್ಶನದ ಮುಂದಿನ ಸಾಲಿನಲ್ಲೇ ಕೂತು ‘ಆ ಹಂಚನ್ನು ಸ್ವಲ್ಪ ಕೊಡಿ, ನೋಡೋಣ’ ಎನ್ನುತ್ತಿದ್ದರೇನೋ. 1920ರಲ್ಲಿ ಹುಟ್ಟಿದ ಆ ಭೌತಶಾಸ್ತ್ರದ ಮೇಷ್ಟ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು. ಮುಟ್ಟದೆಯೇ ಬೀಳಿಸುತ್ತೇನೆ, ಒಂದು ಮರ್ಮ ಒತ್ತಿ ಪ್ರಜ್ಞೆ ತಪ್ಪಿಸುತ್ತೇನೆ ಎನ್ನುವ ಗುರುಗಳು ಸಿಕ್ಕರೆ, ಅವರ ಶಿಷ್ಯರಲ್ಲದ ಒಬ್ಬರ ಮೇಲೆ ಅದನ್ನು ಮಾಡಿ ತೋರಿಸಲು ಹೇಳಿ. ಎಚ್ಚೆನ್ ಅವರ ಊರಿನವರಿಗೆ ಹಾಗೆ ಕೇಳುವ ಹಕ್ಕು ಸ್ವಲ್ಪ ಹೆಚ್ಚೇ ಇದೆ.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ. ರಾಜ್ಯದ ವಸತಿ ಶಾಲೆ, ಹಾಸ್ಟೆಲ್‌ಗಳಲ್ಲಿ ಒನಕೆ ಓಬವ್ವನ ಹೆಸರಿನಲ್ಲಿ ತರಬೇತಿ ಇದೆ. ಒಳ್ಳೆಯದೇ. ಆದರೆ ಅಲ್ಲಿ ಕಲಿಸುವುದು ಏನು? ಬಹಳ ಕಡೆ ಕತ್ತಲ ದಾರಿಯಲ್ಲಿ ಅಡ್ಡ ಬರುವ ಅಪರಿಚಿತನನ್ನು ಒದೆಯುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುವುದು ಬೇರೆ. ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚಿನ ಕಡೆ ಆರೋಪಿ ಪರಿಚಿತನೇ. ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು. ‘ಮಾಮ’ ಎಂದು ಕರೆದು ಅಭ್ಯಾಸವಾದವನನ್ನು ಒದೆಯಲು ಕಾಲು ಏಳುವುದಿಲ್ಲ. ಕಾಲಿಗಿಂತ ಮೊದಲು ಏಳಬೇಕಾದದ್ದು ದನಿ.

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೂರು ಗಂಟೆಯ ನಾಲ್ಕು ಪಾಠ, ಒಟ್ಟು 12 ಗಂಟೆ. ಒಂದು ವರ್ಷದ ನಂತರ ನೋಡಿದಾಗ, ಪಾಠಕ್ಕೆ ಬಂದವರಲ್ಲಿ ಅತ್ಯಾಚಾರಕ್ಕೆ ಒಳಗಾದವರು ಶೇ 5.2, ಬರೀ ಕರಪತ್ರ ಪಡೆದವರಲ್ಲಿ ಶೇ 9.8. ಆ 12 ಗಂಟೆಯಲ್ಲಿ ಕೈಕಾಲಿನ ಪಾಠ ಒಂದು ಪಾಲು ಮಾತ್ರ. ಅಪಾಯದ ಸುಳಿವನ್ನು ಬೇಗ ಗುರುತಿಸುವುದು, ಗೊತ್ತಿರುವವನಿಗೆ ‘ಬೇಡ’ ಎನ್ನಲು ಅಡ್ಡ ಬರುವ ಸಂಕೋಚವನ್ನು ದಾಟುವುದು, ಜೋರಾಗಿ ಕೂಗುವುದು, ಅಲ್ಲಿಂದ ಹೊರಡುವುದು ಉಳಿದ ಪಾಠ. ಕೆನಡಾದ ಕಾಲೇಜಿಗೂ ಚಿಂತಾಮಣಿಯ ಹಾಸ್ಟೆಲ್ಲಿಗೂ ಅಜಗಜಾಂತರ ಇದೆ, ಲೆಕ್ಕವನ್ನು ಹಾಗೇ ಎತ್ತಿ ತರಲಾಗದು. ಪಾಠದ ಕ್ರಮವನ್ನು ತರಬಹುದು. ಬಸ್ಸಿನ ನೂಕುನುಗ್ಗಲು, ಟ್ಯೂಷನ್ನಿನಲ್ಲಿ ಎಲ್ಲರೂ ಹೋದ ಮೇಲೆ ಉಳಿದ ಹತ್ತು ನಿಮಿಷ, ಮದುವೆ ಮನೆಯ ಮಹಡಿ, ಬೈಕಿನಲ್ಲಿ ‘ಬಾರಮ್ಮ, ಬಿಡ್ತೀನಿ’ ಎನ್ನುವ ಪರಿಚಯದವನು, ಇವನ್ನು ಪಾತ್ರ ಹಾಕಿ ಆಡಿಸಿ. ಹುಡುಗಿಯರು ಮೊದಲ ದಿನ ನಗುತ್ತಾರೆ. ನಗಲಿ. ಮೂರನೇ ದಿನ ಯಾರಾದರೂ ಒಬ್ಬಳು ನಗದೆ ನಿಂತರೆ ಮಾಸ್ಟರ್ ಅದನ್ನು ಗಮನಿಸಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ನೆರವಿನ 112 ಎಂಬ ಎರಡು ನಂಬರು ಕಟಾ ಬಾಯಿಪಾಠ ಆಗುವ ಮೊದಲು ಬಾಯಿಪಾಠ ಆಗಿರಬೇಕು.

ಈ ಪಾಠ ಮಾಸ್ಟರ್ ಅವರಿಗೂ ಅನ್ವಯಿಸುತ್ತದೆ. ಮೈ ಮುಟ್ಟಿ ತಿದ್ದಬೇಕಾದ ವಿದ್ಯೆ ಇದು. ಮುಟ್ಟುವ ಮೊದಲು ಎಲ್ಲಿ, ಏಕೆ ಎಂದು ಹೇಳಿ ಮುಟ್ಟುವುದು, ತರಗತಿಯಲ್ಲಿ ಇನ್ನೊಬ್ಬ ದೊಡ್ಡವರು, ಆದಷ್ಟೂ ಮಹಿಳೆ, ಇರುವುದು, ಟೂರ್ನಮೆಂಟಿಗೆ ಮಗುವನ್ನು ಒಂಟಿಯಾಗಿ ಕರೆದೊಯ್ಯದಿರುವುದು ಮಾಸ್ಟರನ್ನೂ ಕಾಪಾಡುತ್ತವೆ. 2012ರ ಪೋಕ್ಸೊ ಕಾಯ್ದೆ ಎಲ್ಲರಿಗೂ ಒಂದೇ. ಪೋಷಕರು ಒಳಗೆ ಕೂತು ನೋಡಬಾರದು ಎಂದು ನಿಯಮ ಮಾಡಿರುವ ಕಡೆ ಮಗುವನ್ನು ಬಿಡಬೇಡಿ. ಏಕಾಗ್ರತೆ ಹಾಳಾಗುತ್ತದೆ ಎಂಬ ಕಾರಣ ಕೊಟ್ಟರೂ ಬೇಡ.

ಸಣ್ಣ ಊರಿನಲ್ಲಿ ಕಲಿಸುವವರು ಬಹುಪಾಲು ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಕಾಲೇಜು ಓದುತ್ತಾ ನಾಲ್ಕು ಕಾಸು ಸಂಪಾದಿಸುವ ದಾರಿ. ಅವರಿಗೆ ಒದೆಯುವುದು ಬಂದಿರುತ್ತದೆ, ಕಲಿಸುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೀಗಾಗಿ ತಮ್ಮ ಮಾಸ್ಟರ್ ತಮಗೆ ಮಾಡಿದ್ದನ್ನೇ ಮಾಡುತ್ತಾರೆ, ಕೋಲಿನ ಸಮೇತ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನು, ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಪೀಟಿ ಪೀರಿಯಡ್ಡಿನಲ್ಲಿ ಕರಾಟೆ ಕಲಿಸಲು ಬಂದವರು ಅದಕ್ಕೆ ಹೊರತಲ್ಲ. ತಡವಾಗಿ ಬಂದದ್ದಕ್ಕೆ ಐವತ್ತು ಬಸ್ಕಿ ಎಂಬ ಶಿಕ್ಷೆಯನ್ನೂ ಬಿಡುವುದು ಒಳ್ಳೆಯದು. ಬಸ್ಕಿ ಗರಡಿಯಲ್ಲಿ ಪೂಜೆಯಷ್ಟೇ ಗೌರವದ ಸಾಧನೆಯಾಗಿತ್ತು. ಅದನ್ನು ಶಿಕ್ಷೆ ಮಾಡಿದರೆ ಮಗು ಜೀವಮಾನವಿಡೀ ವ್ಯಾಯಾಮವನ್ನು ದ್ವೇಷಿಸುತ್ತದೆ. ಕಲಿಸುವಾಗ ಮಾತು ಕಡಿಮೆ ಇರಲಿ. ಮೂರು ಸಲ ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಕಾಲು, ಸೊಂಟ, ಮೊಣಕೈ, ದೃಷ್ಟಿ ಎಲ್ಲವನ್ನೂ ಒಟ್ಟಿಗೆ ತಿದ್ದಿಸಿಕೊಂಡ ಮಗುವಿಗೆ ಉಳಿಯುವುದು ಅವಮಾನ ಮಾತ್ರ. ಏಳೆಂಟು ವರ್ಷದ ಒಳಗಿನವರಿಗೆ ಕಟಾದ ಗೋಳು ಬೇಡ. ಮುಟ್ಟಾಟ, ಉರುಳಾಟ, ಹಗ್ಗ ಜಗ್ಗಾಟ ಸಾಕು.

ನೆಲದ ಬಗ್ಗೆ ನನ್ನದೊಂದು ಹಟ ಇದೆ. ಸಿಮೆಂಟಿನ ಮೇಲೆ ಬೀಳುವುದನ್ನು ಕಲಿಸಲಾಗದು, ಬೀಳದೆ ಈ ವಿದ್ಯೆ ಬರದು. ರಬ್ಬರ್ ಮ್ಯಾಟು ದುಬಾರಿ ಎನ್ನುತ್ತಾರೆ. ನಿಜ. ಆದರೆ ಕೆಮ್ಮಣ್ಣಿಗೆ ಬರವಿಲ್ಲದ ಸೀಮೆ ನಮ್ಮದು. ಶಾಲೆಯ ಮೂಲೆಯಲ್ಲಿ ಕೋಣೆಯಗಲದ ಹೊಂಡ ತೋಡಿ, ಜರಡಿ ಹಿಡಿದ ಮಣ್ಣು ತುಂಬಿ, ಮೇಲೊಂದು ಶೀಟು ಹಾಕಿದರೆ ನೆಲ ಸಿದ್ಧ. ವಾರಕ್ಕೊಮ್ಮೆ ಅಗೆದು ಬಿಸಿಲು ಕಾಣಿಸಬೇಕು, ಕಲ್ಲು ಆರಿಸಬೇಕು, ಮಕ್ಕಳ ಉಗುರು ಕತ್ತರಿಸಿರಬೇಕು, ಹುಳುಕಡ್ಡಿ ಇದ್ದವರು ವಾಸಿಯಾಗುವವರೆಗೆ ಹೊರಗಿರಬೇಕು. ಕರಾಟೆಯವರಿಗೆ ಮಣ್ಣಿನ ಹೊಂಡ ಎಂದರೆ ಹಳ್ಳಿಯದು ಎನ್ನಿಸಬಹುದು. ಜಪಾನಿನ ಸುಮೋ ಪೈಲ್ವಾನರು ಇವತ್ತಿಗೂ ಕಾದಾಡುವುದು ಮಣ್ಣಿನ ಕಣದಲ್ಲೇ.

ತಲೆಗೆ ಪೆಟ್ಟು ಬಿದ್ದು ಮಂಕಾದ, ವಾಂತಿ ಮಾಡಿದ, ತಲೆನೋವು ಎಂದ ಮಗುವಿಗೆ ಅಂದಿನ ಆಟ ಮುಗಿಯಿತು. ನೀರು ಚಿಮುಕಿಸಿ ಮತ್ತೆ ಇಳಿಸಬಾರದು, ವೈದ್ಯರು ಹೇಳುವವರೆಗೆ ಅಭ್ಯಾಸವಿಲ್ಲ. ಮೊದಲ ಪೆಟ್ಟು ಮಾಗುವ ಮುನ್ನ ಬೀಳುವ ಎರಡನೇ ಪೆಟ್ಟು ಜೀವಕ್ಕೇ ಎರವಾಗಬಹುದು. ತೂಕದ ವಿಭಾಗಕ್ಕಾಗಿ ಮಕ್ಕಳನ್ನು ಉಪವಾಸ ಕೆಡವುವುದು, ಕುಕ್ಕರಗಾಲಿನಲ್ಲಿ ಮೈದಾನ ಸುತ್ತಿಸುವುದು, ಸಿಮೆಂಟಿನ ಮೇಲೆ ಮುಷ್ಟಿ ಊರಿ ದಂಡ ಹೊಡೆಸುವುದು, ಇವಕ್ಕೆಲ್ಲ ಒಂದೇ ಮಾತು: ಬೇಡ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಾಸ್ಟರುಗಳು ತಿಳಿದಿರಬೇಕಾದ ಇನ್ನೊಂದು ವಿಷಯ ಯಾವ ಜಪಾನಿ ಪುಸ್ತಕದಲ್ಲೂ ಸಿಗುವುದಿಲ್ಲ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಲೆ, ಆಮೇಲೆ ಕೀಲುಗಳಲ್ಲಿ ನೋವು, ಬಿಗಿತ. ಹಳ್ಳಿಯಿಂದ ಬಂದ ಹುಡುಗ ಬೆನ್ನು ಬಗ್ಗುವುದಿಲ್ಲ, ಮಂಡಿ ನೋಯುತ್ತದೆ ಎಂದರೆ ಸೋಮಾರಿ ಎಂದು ಗದರಿಸಿ ಕಾಲು ಹಿಗ್ಗಿಸುವ ಮೊದಲು ಅವನ ಹಲ್ಲು ನೋಡಿ, ಊರು ಕೇಳಿ, ಡಾಕ್ಟರ ಹತ್ತಿರ ಕಳಿಸಿ.

ಕಾನೂನಿನ ಪಾಠವೂ ಒಂದು ದಿನ ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ತನ್ನ ಮೈಯನ್ನೂ ಇನ್ನೊಬ್ಬರ ಮೈಯನ್ನೂ ಕಾಪಾಡಲು ಬಲ ಬಳಸಬಹುದು. ಆದರೆ ರಕ್ಷಣೆಗೆ ಬೇಕಾದಷ್ಟು ಮಾತ್ರ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ಎದುರಾಳಿ ಬಿದ್ದ ಮೇಲೆ ಹಾಕುವ ಒಂದು ಒದೆ ರಕ್ಷಣೆಯ ಲೆಕ್ಕಕ್ಕೆ ಬಾರದೆ ಕೇಸಾಗುತ್ತದೆ. ಓಡಿಹೋಗುವುದನ್ನು ಪಾಠವಾಗಿ, ನಾಚಿಕೆ ಬಿಟ್ಟು, ಅಭ್ಯಾಸ ಮಾಡಿಸುವ ತರಗತಿಯನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ.

ಗೇಟಿನ ಹೊರಗೆ ಕೂತ ದೊಡ್ಡವರಿಗೂ ಒಂದು ಮಾತು. ನಲವತ್ತು ದಾಟಿತು, ಇನ್ನೇನು ಕರಾಟೆ ಎನ್ನಬೇಡಿ. ಜೂಡೊ ಶಾಲೆಯಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗಲ್ಲವನ್ನು ಎದೆಗೆ ಒತ್ತಿ ತಲೆ ಕಾಪಾಡುವುದು, ಅಂಗೈ ಊರದೆ ತೋಳಿನಿಂದ ನೆಲ ತಟ್ಟಿ ಪೆಟ್ಟನ್ನು ಹಂಚುವುದು, ದುಂಡಗೆ ಉರುಳಿ ಏಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಕಸ್ಮಿಕ ಗಾಯಗಳಿಂದಾಗುವ ಸಾವಿಗೆ ಜಗತ್ತಿನಾದ್ಯಂತ ಎರಡನೇ ದೊಡ್ಡ ಕಾರಣ ಬೀಳುವುದೇ. ನಿಮ್ಮ ಮೇಲೆ ಕಳ್ಳ ಬೀಳುವ ಸಂಭವಕ್ಕಿಂತ ಬಚ್ಚಲಿನಲ್ಲಿ ನೀವೇ ಬೀಳುವ ಸಂಭವ ಬಹಳ ಹೆಚ್ಚು. ಮಂಡಿ, ಬಿಪಿ ತೋರಿಸಿಕೊಂಡು, ಚಾಪೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ ಎತ್ತರದಿಂದ ಶುರು ಮಾಡಿ. ವಾರಕ್ಕೆ ಎರಡು ದಿನ ಸಾಕು, ಡ್ರೆಸ್ಸು ಹೊಲಿಸುವ ಅಗತ್ಯವಿಲ್ಲ. ಮಾಸ್ಟರ್ ಮೂರನೇ ವಾರಕ್ಕೇ ಬೆಲ್ಟ್ ಟೆಸ್ಟಿನ ಫೀಸು ಕೇಳಿದರೆ ಬೀಳುವುದು ಪೂರ್ತಿ ಬಂದ ಮೇಲೆ ಕೊಡುತ್ತೇನೆ ಎನ್ನಿ.